ಮಾರೆಮ್ಮನವರ ಮೆಮೊಗೆ ನನ್ನ ಕೆನ್ನೆಯ ಉತ್ತರ

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಔಷಧದ ಬೀರುವನ್ನು ಅನುಮತಿಯಿಲ್ಲದೆ ತೆರೆದದ್ದೇಕೆಂದು ಚರ್ಮರೋಗ ವಿಭಾಗದ ನರ್ಸ್ ಮಾರೆಮ್ಮನವರಿಗೆ ತಾವು ಮೆಮೊ ಕೊಟ್ಟಿದ್ದೀರಂತೆ. ಅವರು ತೆರೆದದ್ದು ನನಗಾಗಿ. ಆದ್ದರಿಂದ ವಿವರಣೆಯನ್ನು ನಾನೇ ಕೊಡುತ್ತೇನೆ. ಊರೆಲ್ಲ ಓದಲಿ ಎಂದು ಪತ್ರಿಕೆಯ ಮೂಲಕ.

ನಾನು ಹರಿಹರದ ಸ್ಟೇಷನ್ ಬಳಿ ಎಸ್‌ಟಿಡಿ ಬೂತ್ ನಡೆಸುವವಳು. ಹುಟ್ಟಿದಾಗಿನಿಂದ ನನ್ನ ಎಡಗಣ್ಣಿನ ಕೆಳಗೆ, ಕೆನ್ನೆಯ ತುಂಬ ನೀಲಿಗಪ್ಪು ಮಚ್ಚೆ. ಮದುವೆಗೆ ಅದು ಅಡ್ಡ ಬರಲಿಲ್ಲ. ಮದುವೆಯಾದ ಮೇಲೆ ಕಷ್ಟಕ್ಕೆ ಸಿಕ್ಕವನು ನನ್ನ ಗಂಡ ಬಕ್ಕೇಶ್. ಫೋನ್ ಮಾಡಲು ಬಂದವರು ಮೊದಲು ನನ್ನ ಕೆನ್ನೆ ನೋಡುತ್ತಾರೆ, ಆಮೇಲೆ ಅವನ ಕೈ ನೋಡುತ್ತಾರೆ. ಒಬ್ಬ ಅಜ್ಜಿಯಂತೂ "ಹೆಣ್ಮಗಳ ಮ್ಯಾಲೆ ಕೈ ಮಾಡಾಕೆ ನಾಚಿಕೆ ಆಗಲ್ಲೇನೋ?" ಎಂದು ಉಗಿದೇಬಿಟ್ಟಳು. ಸೊಳ್ಳೆ ಹೊಡೆಯಲೂ ಹಿಂದೆಮುಂದೆ ನೋಡುವ ಮನುಷ್ಯ ಅವನು! ದಾವಣಗೆರೆಯ ತಮ್ಮ ಆಸ್ಪತ್ರೆಗೆ ಮಚ್ಚೆ ತೆಗೆಯುವ ಲೇಸರ್ ಬಂದಿದೆಯೆಂದು ಕೇಳಿದ್ದೇ ತಡ, ನನಗಿಂತ ಮೊದಲು ಬಸ್ ಹತ್ತಿದ.

ಮೊದಲ ಸಲ ನನ್ನನ್ನು ಮಲಗಿಸಿದವರು, "ಏನಿಲ್ಲ ಬಿಡ್ರಿ, ಇರುವೆ ಕಚ್ಚಿದಂಗೆ ಆಗತೈತೆ" ಎಂದರು. ಮಾನ್ಯರೇ, ಅದು ಯಾವ ದೇಶದ ಇರುವೆ? ಕಾದ ಒಗ್ಗರಣೆಯ ಸಾಸಿವೆ ಒಂದೊಂದಾಗಿ ಕೆನ್ನೆಗೆ ಸಿಡಿದಂತಿತ್ತು. ಕಣ್ಣಿಗೆ ಪಟ್ಟಿ ಕಟ್ಟಿದ್ದರಿಂದ ಮುಂದಿನದು ಯಾವಾಗ ಬಂದೀತೆಂದೂ ತಿಳಿಯದು. ನಲವತ್ತರವರೆಗೆ ಎಣಿಸಿ, "ಒಂಚೂರು ನಿಲ್ಲಿಸ್ರಿ" ಎಂದೆ. "ಇದಕ್ಕೇ ಹಿಂಗಂದ್ರೆ ಹೆರಿಗೆ ಹೆಂಗೆ ತಡೀತೀರಿ?" ಎಂದು ಯಾರೋ ನಕ್ಕರು. ಪಟ್ಟಿ ಕಿತ್ತು ಎದ್ದುಬಂದೆ. ಅರ್ಧ ಮಚ್ಚೆ ಹಾಗೇ ಉಳಿಯಿತು.

ಹೊರಗೆ ಬೆಂಚಿನ ಮೇಲೆ ಅಳುತ್ತ ಕೂತಿದ್ದಾಗ ಮಾರೆಮ್ಮ ಬಂದು ನನ್ನ ಚೀಟಿ ಓದಿದರು. "ಜೋಮು ಹಿಡಿಸೋ ಮುಲಾಮು ಡಾಕ್ಟ್ರೇ ಬರದಾರಲ್ರೀ! ಒಂದು ತಾಸು ಮುಂಚೆ ಹಚ್ಚಬೇಕು. ಬೀರು ತೆಗಿಯಾಕೆ ದೊಡ್ಡ ಸಾಹೇಬ್ರ ಸಹಿ ಬೇಕು, ಅವರು ಬರೋದೇ ಹನ್ನೊಂದಕ್ಕೆ." ದೊಡ್ಡ ಸಾಹೇಬರೆಂದರೆ ತಾವೇ. ಲೇಸರ್ ಶುರುವಾಗುವುದು ಹತ್ತಕ್ಕೆ. ಎಂಥ ಅಚ್ಚುಕಟ್ಟಾದ ಆಡಳಿತ!

ಮೂರು ತಿಂಗಳ ನಂತರ, ಬಕ್ಕೇಶನ ಬಲವಂತಕ್ಕೆ, ಒಂಬತ್ತಕ್ಕೇ ಹೋಗಿ ಕೂತೆ. ಮಾರೆಮ್ಮ ಸಹಿಗೆ ಕಾಯಲಿಲ್ಲ. ಮುಲಾಮು ಹಚ್ಚಿದರು. ಹತ್ತಕ್ಕೆ ನನ್ನೊಡನೆ ಒಳಗೆ ಬಂದು, "ಇರುವೆ ಗಿರುವೆ ಏನಲ್ಲ, ಉರಿ ಇರತೈತೆ. ಸಾಕು ಅನ್ಸಿದ್ರೆ ನನ್ನ ಕೈ ಹಿಚುಕ್ರಿ, ನಿಲ್ಲಿಸಾಕೆ ಹೇಳ್ತೀನಿ" ಎಂದು ಕೈ ಹಿಡಿದು ಕೂತರು. ಎರಡು ಸಲ ಹಿಚುಕಿದೆ. ಎರಡು ಸಲವೂ ಯಂತ್ರ ನಿಂತಿತು. ಕೆನ್ನೆಗೆ ತಣ್ಣೀರಿನ ಬಟ್ಟೆ ಬಂತು. ನೋವಿತ್ತು, ತಡೆಯುವಷ್ಟಿತ್ತು. "ಇವತ್ತು ಅಲುಗಾಡಲೇ ಇಲ್ವಲ್ರೀ!" ಎಂದು ಡಾಕ್ಟರು ಖುಷಿಯಿಂದ ಇಡೀ ಕೆನ್ನೆ ಮುಗಿಸಿದರು.

ಈ ಅಪರಾಧಕ್ಕೆ ಮೆಮೊ! ದಯವಿಟ್ಟು ಅದನ್ನು ಹಿಂದಕ್ಕೆ ಪಡೆಯಿರಿ. ಬೀರುವಿನ ಕೀಲಿಯನ್ನು ಮುಲಾಮು ಹಚ್ಚುವವರ ಕೈಗೇ ಕೊಡಿ. ನೋವಿನ ವಿಷಯದಲ್ಲಿ ರೋಗಿಗೆ ನಿಜ ಹೇಳಬೇಕೆಂದು ಒಂದು ಆದೇಶ ಹೊರಡಿಸಿ. ಅವಸರವಿದೆ. ಮುಂದಿನ ಮಂಗಳವಾರ ಆನೆಕೊಂಡದ ಎಂಟು ವರ್ಷದ ನಯನಾಳ ಸರದಿ. ಅವಳಿಗೆ ಹಣೆಯ ಮೇಲೆ ಮಚ್ಚೆ. ಬೆಂಚಿನ ಮೇಲೆ ನನ್ನ ಪಕ್ಕ ಜರುಗಿ ಕೂತು, "ಭಾಳ ನೋಯ್ತೈತೇನಕ್ಕ?" ಎಂದು ಕೇಳಿದಳು.

"ದೊಡ್ಡ ಸಾಹೇಬ್ರನ್ನ ಕೇಳಿ ಹೇಳ್ತೀನಿ" ಎಂದಿದ್ದೇನೆ. ಏನು ಹೇಳಲಿ?

ಇಂತಿ,
ಅನುಮತಿಯಿಲ್ಲದ ಫಲಾನುಭವಿ,
ರೂಪಶ್ರೀ ಬಕ್ಕೇಶ್
ಹರಿಹರ, ೧೯೯೮