ಗುಹೆಯಲ್ಲಿ ಎತ್ತಿದ ಕೈ

ಡಿಸೆಂಬರ್ ೨೧, ಭಾನುವಾರ

ನನ್ನ ಗಂಡ ಎವರಿಸ್ಟೊ ಮಲಗಿದ್ದಾನೆ. ಅವನ ಆ ಬಲಗೈ ಮಾತ್ರ ನನ್ನ ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ನಮ್ಮ ಮಗಳು ಮಾರಿಲೆನಾಳನ್ನು ಮಣ್ಣು ಮಾಡಿದ ಮೇಲೆ ಅವನು ಚರ್ಚಿನ ಮೆಟ್ಟಿಲು ಹತ್ತಿಲ್ಲ, ಶಿಲುಬೆ ಗುರುತು ಹಾಕಿಕೊಂಡಿಲ್ಲ. ಈಗ ಔಷಧಿ ಅಂಗಡಿಯ ಗಾಸ್ಟೋನೆ ಜೊತೆ ಸೇರಿ, ದ್ರಾಕ್ಷಿತೋಟದ ಕೆಳಗಿನ ಗುಹೆಯಲ್ಲಿ ಹಳೇ ರೋಮಿನವರ ಮಿತ್ರಾಸ್ ದೇವರನ್ನು ಪೂಜಿಸುತ್ತಾನೆ. ಹೆಂಗಸರು ಒಳಗೆ ಹೋಗುವಂತಿಲ್ಲ. ಅವರ ಪ್ರಸಾದದ ರೊಟ್ಟಿ ಸುಡಲು ಮಾತ್ರ ನಾನು ಬೇಕು.

ಇವತ್ತು ಸಂಜೆ ಗುಹೆಯ ಬಾಗಿಲಲ್ಲಿ ನನ್ನ ಬುಟ್ಟಿಯ ಬಟ್ಟೆ ಸರಿಸಿ ಗಾಸ್ಟೋನೆ ಮುಖ ಸಿಂಡರಿಸಿದ.

"ಏನಮ್ಮಾ ಪಿಯೆರಿನಾ, ನಮ್ ದೇವ್ರ ರೊಟ್ಟಿ ಮೇಲೆ ನಿಮ್ ದೇವ್ರ ಶಿಲುಬೆ ಗೀರಿದೀಯಲ್ಲ!"

"ಕೈಗೆ ಅದೊಂದೇ ಗೊತ್ತಿರೋದಪ್ಪಾ. ನಿಮ್ಮಮ್ಮನೂ ಹೀಗೇ ಗೀರ್ತಿದ್ಲು."

"ಬಿಡೋ ಮಾರಾಯ, ಹೊಟ್ಟೆಗೆ ಹೋದ್ಮೇಲೆ ಯಾವ ಶಿಲುಬೆ," ಎಂದು ಎವರಿಸ್ಟೊ ಬುಟ್ಟಿ ಎತ್ತಿಕೊಂಡು ಒಳಗೆ ನಡೆದ.

ನಾನು ಬುಟ್ಟಿಗಾಗಿ ಬಾಗಿಲಲ್ಲೇ ಕಾದೆ. ಗಾಸ್ಟೋನೆ ಅವರ ಪೂಜೆಯ ಕೆಂಪು ಟೋಪಿ ಹಾಕಿಕೊಂಡು ರೊಟ್ಟಿಯನ್ನು ಎರಡೂ ಕೈಯಲ್ಲಿ ಮೇಲಕ್ಕೆತ್ತಿದ, ಥೇಟು ಚರ್ಚಿನಲ್ಲಿ ನಮ್ಮ ಗುರುಗಳು ಎತ್ತುವ ಹಾಗೆ. ಒಳಗಿದ್ದ ಗಂಡಸರೆಲ್ಲ ತಮಗೇ ಗೊತ್ತಿಲ್ಲದೆ ಶಿಲುಬೆ ಗುರುತು ಹಾಕಿಕೊಂಡರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೂ ನಗಲಿಲ್ಲ. ಎವರಿಸ್ಟೊನ ಕೈ ಮಾತ್ರ ಹಣೆ ಮುಟ್ಟಿ, ಎದೆಗೆ ಬಂದು, ಅಲ್ಲೇ ನಿಂತುಬಿಟ್ಟಿತು. ಶಿಲುಬೆ ಪೂರ್ತಿಯಾಗಲು ಭುಜದವರೆಗೆ ಹೋಗಬೇಕಿತ್ತು, ಹೋಗಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಅವನು ಕೇಳಿದ, "ನೀನು ನೋಡಿದ್ಯಾ?"

"ಕತ್ತಲಲ್ವಾ, ಏನೂ ಕಾಣ್ಲಿಲ್ಲ."

ಸುಳ್ಳು ಹೇಳಿದೆ. ಮಾತೆ ಮರಿಯಾ, ಕ್ಷಮಿಸು. ನೋಡಿದೆ ಅಂದಿದ್ದರೆ ಅವನು ಆ ಕೈಯನ್ನು ಮತ್ತೆ ಎತ್ತುತ್ತಿರಲಿಲ್ಲ. ನನ್ನ ರೊಟ್ಟಿ ಅದನ್ನು ಎದೆಯವರೆಗೆ ತಂದಿದೆ. ಉಳಿದದ್ದನ್ನು ನೀನೇ ನೋಡಿಕೋ, ತಾಯಿ.