ಬೆಂಕಿಯಲ್ಲಿ ಬಗ್ಗಿಸಿದ ಪೈಪು

ಮಾರ್ಚ್ 4, ನಿಡುಗಲ್ ಸೈಟ್
ಇವತ್ತೂ ಬಂಡೆ. ಮೂರಡಿ ಆಳ ಬೇಕಾದ ಕಡೆ ಟ್ರೆಂಚ್ ಎರಡಡಿಗೇ ನಿಂತಿತು. ಪಿವಿಸಿ ಪೈಪಿನ ಕೆಳಗೆ ಹಾಸಲು ಮರಳೂ ಬಂದಿಲ್ಲ. ಯಾರಿಗೆ ಹೇಳಲಿ, ಸೂಪರ್‌ವೈಸರ್ ನಾನೇ!

ದೊಡ್ಡ ಗುಂಡುಕಲ್ಲಿನ ಹತ್ತಿರ ಲೈನ್ ತಿರುಗಬೇಕು. ತಿರುವಿಗೆ ಹಾಕುವ ಬೆಂಡ್ ಇನ್ನೂ ಮಧುಗಿರಿ ಅಂಗಡಿಯಲ್ಲೇ ಇದೆ. ಫಿಟ್ಟರ್ ಓಬಳಯ್ಯ ಮಾವ ಕಾಯಲಿಲ್ಲ. ಪೈಪಿಗೆ ಮಣ್ಣು ತುಂಬಿ, ಜಾಲಿ ಸೌದೆಯ ಬೆಂಕಿಯಲ್ಲಿ ಕಾಯಿಸಿ, ಗೋಣಿಚೀಲ ಸುತ್ತಿ ಬಗ್ಗಿಸಿಯೇಬಿಟ್ಟರು. ತಿರುವಿನ ಹೊರಮೈ ತೆಳ್ಳಗಾಗಿ ಕಂದುಬಣ್ಣಕ್ಕೆ ತಿರುಗಿದೆ.

“ಬ್ಯಾಡ ಮಾವ, ಪ್ರೆಶರ್ ತಡೆಯಲ್ಲ” ಅಂದೆ.

“ತೋಟದ ಲೈನೆಲ್ಲಾ ಇಂಗೇ ಮಾಡಿರೋದು ಕಣ್ಲಾ ಬಸವೇಶ. ಏನಾಗದೆ?”

ತೋಟದ ಲೈನ್ ಬೇರೆ, ಊರಿನ ಟ್ಯಾಂಕಿಗೆ ಹತ್ತುವ ಲೈನ್ ಬೇರೆ. ಆದರೆ ನನಗೆ ಗರಗಸ ಹಿಡಿಯಲು ಕಲಿಸಿದವರೇ ಅವರು. ಸೈಟ್ ಬುಕ್ಕಿನಲ್ಲಿ ‘ಬೆಂಡ್ ಅಳವಡಿಸಲಾಗಿದೆ’ ಎಂದು ಬರೆದೆ. ಸುಳ್ಳು.

ಮಾರ್ಚ್ 6
ನೀರು ತುಂಬಿ ಪ್ರೆಶರ್ ಟೆಸ್ಟ್ ಮುಗಿಯುವವರೆಗೆ ಜಾಯಿಂಟ್ ಮುಚ್ಚಬಾರದು. ಆದರೆ ಯಾರದೋ ಕುರಿ ಟ್ರೆಂಚಿಗೆ ಬಿದ್ದು ಕಾಲು ಮುರಿದುಕೊಂಡಿತು. ಊರವರ ಗಲಾಟೆಗೆ ಹೆದರಿ ಎಲ್ಲ ಮುಚ್ಚಿಸಿದೆ. ಆ ತಿರುವೂ ಮಣ್ಣಿನಡಿ ಹೋಯಿತು. ಸಮಾಧಾನವಾಯಿತು... ನಾಚಿಕೆಯೂ ಆಯಿತು.

ಮಾರ್ಚ್ 11, ಸಂಜೆ
ಟೆಸ್ಟಿಗೆ ನೀರಿಲ್ಲ, ಟ್ಯಾಂಕರ್ ಬರಲಿಲ್ಲ. ಕಂಟ್ರಾಕ್ಟರ್ ಸಂಜೀವಯ್ಯನವರ ಕಣ್ಣು ಬಂಡೆ ಕೊರೆಯಲು ತಂದಿದ್ದ ಕಂಪ್ರೆಸರ್ ಮೇಲೆ ಬಿತ್ತು.

“ಸಾರ್, ನೀರಾದ್ರೆ ಸೋರ್ತದೆ. ಗಾಳಿ ತುಂಬಿದ್ರೆ ಪೈಪ್ ಸಿಡೀತದೆ” ಅಂದೆ.

“ಬರೀ ಗಾಳಿ ಕಣಯ್ಯ. ಹೆದರ್ಸ್‌ಬ್ಯಾಡ.”

ತುಂಬಿದರು. ಗೇಜಿನ ಮುಳ್ಳು ಮೆಲ್ಲಗೆ ಇಳಿಯಿತು. ಎಲ್ಲೋ ಲೀಕ್. ಎಲ್ಲಿ ಅಂತ ನನಗೆ ಗೊತ್ತು. ಮಾವನಿಗೂ ಗೊತ್ತು. ಇಬ್ಬರೂ ಬಾಯಿ ಬಿಡಲಿಲ್ಲ.

ಮಾರ್ಚ್ 12
ಲೀಕ್ ಹುಡುಕಲು ಟ್ಯಾಂಕಿನ ಕಡೆಯಿಂದ ನಾಲ್ಕು ಜಾಯಿಂಟ್ ಅಗೆಸಿದರು. ನಾಲ್ಕೂ ಚೆನ್ನಾಗಿವೆ. ಆಳುಗಳು ಬೈದುಕೊಂಡೇ ಅಗೆದರು. ಹೇಳಿದರೆ ಮಾವನನ್ನು ಕೆಲಸದಿಂದ ಕಿತ್ತುಹಾಕುತ್ತಾರೆ. ನನ್ನನ್ನೂ. ಈ ಹೆದರಿಕೆಯೇ ದೊಡ್ಡದು, ಒಪ್ಪಿಕೊಳ್ಳುತ್ತೇನೆ.

ನಾಳೆ ಗಾಳಿ ಇನ್ನೂ ಜಾಸ್ತಿ ಮಾಡ್ತಾರಂತೆ, ಲೀಕ್ ಆಗೋ ಕಡೆ ಬುಸ್ ಅಂತ ಸದ್ದು ಕೇಳಲಿ ಅಂತ. ಬೆಳಗ್ಗೆ ಮೊದಲ ಬಸ್ಸಿಗೆ ಮಧುಗಿರಿಗೆ ಹೋಗಿ ಬೆಂಡ್ ತರುತ್ತೇನೆ. ಗದ್ದಲವಿಲ್ಲದೆ ಬದಲಾಯಿಸಿದರೆ ಆಯಿತು. ಯಾರಿಗೂ ಹೇಳುವ ಅಗತ್ಯವೇ ಇಲ್ಲ.

ಮಾರ್ಚ್ 15, ಪಾವಗಡ, ಆಸ್ಪತ್ರೆ
ಮೂರು ದಿನದಿಂದ ಬರೆಯಲು ಆಗಿಲ್ಲ.

ನಾನು ಮಧುಗಿರಿಯಲ್ಲಿದ್ದಾಗ ಕಂಪ್ರೆಸರ್ ಶುರು ಮಾಡಿದ್ದಾರೆ. ಮಾವ ಒಬ್ಬರೇ ಗುಂಡುಕಲ್ಲಿನ ಹತ್ತಿರ ಹೋಗಿ ಆ ತಿರುವಿನ ಮೇಲಿನ ಮಣ್ಣು ತೆಗೆದಿದ್ದಾರೆ. ಕಿವಿ ಇಟ್ಟು ಕೇಳಲು ಬಗ್ಗಿದ್ದರಂತೆ. ಅಷ್ಟರಲ್ಲಿ ಪೈಪ್ ಸಿಡಿದಿದೆ. ಎಡಗಣ್ಣು ಹೋಯಿತು. ಇನ್ನೊಂದರ ಬಗ್ಗೆ ಡಾಕ್ಟರ್ ಏನೂ ಹೇಳುತ್ತಿಲ್ಲ.

ಸಂಜೀವಯ್ಯನವರ ಮುಂದೆ ಮಾವ ಅಂದದ್ದು ಇಷ್ಟೇ: “ನಂದೇ ತಪ್ಪು ಸಾಮಿ. ಬಸವೇಶಂಗೆ ಇದ್ಯಾವುದೂ ಗೊತ್ತಿಲ್ಲ.”

ನಾನು ಪಕ್ಕದಲ್ಲೇ ನಿಂತಿದ್ದೆ. ಸುಮ್ಮನಿದ್ದೆ. ಥೂ.

ಮಾರ್ಚ್ 16, ಬೆಳಗ್ಗೆ
ಮಾವನ ಹೆಂಡತಿ ಕೆಂಚಮ್ಮತ್ತೆ ಮಂಚದ ಪಕ್ಕ ಕೂತು ನನಗೆ ಕಾಫಿ ಬಗ್ಗಿಸಿ ಕೊಟ್ಟಳು.

“ಅವತ್ತು ನೀನೊಬ್ಬ ಅಲ್ಲಿದ್ದಿದ್ರೆ ಅವ್ರನ್ನ ಆ ಗುಂಡೀಗೆ ಇಳಿಯೋಕೆ ಬುಡ್ತಿರ್ಲಿಲ್ಲ ಕಣಪ್ಪ. ನನ್ನ ಹಣೇಬರ, ಅವತ್ತೇ ನೀನು ಊರಲ್ಲಿರ್ಲಿಲ್ಲ.”

ಕಾಫಿ ಲೋಟ ಕೆಳಗಿಟ್ಟೆ. ಎದ್ದು ವರಾಂಡಕ್ಕೆ ಬಂದು ಇದನ್ನು ಬರೆಯುತ್ತಿದ್ದೇನೆ. ಬಾಯಲ್ಲಿ ಬಾರದ ಮಾತು ಮೊದಲು ಇಲ್ಲಿ ಬರಲಿ, ಆಮೇಲೆ ಒಳಗೆ ಹೋಗಿ ಓದಿಬಿಡುತ್ತೇನೆ.

ಅತ್ತೆ, ಪೈಪ್ ಎಲ್ಲಿ ಸೋರುತ್ತಿದೆ ಎಂದು ನನಗೆ ಎರಡು ದಿನ ಮೊದಲೇ ಗೊತ್ತಿತ್ತು. ನಾನು ಅವತ್ತು ಮಧುಗಿರಿಗೆ ಹೋದದ್ದು ಯಾರಿಗೂ ಹೇಳದೆ ಬೆಂಡ್ ತಂದು, ನನ್ನ ಸುಳ್ಳು ಮುಚ್ಚಿಹಾಕಲು.