ತಂಗಿಯನ್ನು ಕರೆಸಿಕೊಳ್ಳುವ ಬಗ್ಗೆ

ಬಬ್ಬೂರು
೧೨-೮-೧೯೭೬

ಬಿ.ದುರ್ಗದ ಬೀಗರಾದ ಗೊಲ್ಲಪ್ಪನವರಿಗೆ ಓಬಯ್ಯನ ನಮಸ್ಕಾರಗಳು.

ನನಗೆ ರಕ್ತದ ಕ್ಯಾನ್ಸರ್ ಎಂದು ತಿಳಿದ ಮೇಲೆ, ನನ್ನನ್ನು ನೋಡಲು ಬಂದ ತಂಗಿ ಜುಂಜಮ್ಮ ಇಲ್ಲೇ ಇರಲಿ ಎಂದು ಹೇಳಿಕಳಿಸಿದಿರಿ. ಅವಳು ಬಸುರಿ. ಹುಟ್ಟುವ ಕೂಸಿಗೂ ಈ ರೋಗ ಬಂದೀತೆಂಬ ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಮೊದಲು ನನಗೂ ಅದೇ ಭಯವಿತ್ತು.

ಹೋದ ವಾರ ಬೆಂಗಳೂರಿನ ಆಸ್ಪತ್ರೆಗೆ ಜುಂಜಮ್ಮನ ಗಂಡ, ನಿಮ್ಮ ಮಗ ಪಾಲಣ್ಣ ನನ್ನ ಜೊತೆ ಬಂದಿದ್ದ. ನಿಮಗೆ ಹೇಳದೆ ಬಂದನೆಂದು ಬೈಯಬೇಡಿ. ಡಾಕ್ಟರನ್ನು ಅವನೇ ಕೇಳಿದ: "ಈ ಕಾಯಿಲೆ ಇವ್ರ ವಂಶದಾಗೇ ಐತೇನ್ರಿ?"

"ಇಲ್ಲಪ್ಪ. ಮೂಳೆಯೊಳಗೆ ರಕ್ತ ಹುಟ್ಟುವ ಕಡೆ ಒಂದು ಜೀವಕೋಶದ ವರ್ಣತಂತು ಮುರಿದು ತಪ್ಪಾಗಿ ಕೂಡಿಕೊಂಡಿದೆ. ಆ ಕೋಶ ಮಿತಿಯಿಲ್ಲದೆ ಮರಿ ಹಾಕುತ್ತಿದೆ. ಇದು ಇವರು ಹುಟ್ಟಿದ ಮೇಲೆ ಆದದ್ದು. ತಂದೆತಾಯಿಯಿಂದ ಬಂದದ್ದಲ್ಲ, ತಂಗಿಗೆ ಹೋಗುವುದೂ ಇಲ್ಲ," ಎಂದರು ಡಾಕ್ಟರು.

ಪಾಲಣ್ಣ ಹೊರಗೆ ಬಂದು ಗೋಡೆಗೆ ಮುಖ ಮಾಡಿ ಅತ್ತ.

ಮಾತ್ರೆಯಿಂದ ರೋಗ ಹತೋಟಿಯಲ್ಲಿರುತ್ತದೆಯೇ ಹೊರತು ವಾಸಿಯಾಗುವುದಿಲ್ಲವಂತೆ. ಆಗಾಗ ಜಿಲ್ಲಾ ಆಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಬೇಕು. ಅದಕ್ಕೆ ಜುಂಜಮ್ಮ ಬೇಕಿಲ್ಲ, ನಾನೇ ಬಸ್ಸು ಹತ್ತುತ್ತೇನೆ.

ಸೋಮವಾರ ಪಾಲಣ್ಣ ಅವಳನ್ನು ಕರೆತರುತ್ತಾನೆ. ಒಳಗೆ ಕರೆದುಕೊಳ್ಳಿ. ಬೆಳಿಗ್ಗೆ ಅವಳಿಗೆ ಊಟ ಸೇರುವುದಿಲ್ಲ, ಮಜ್ಜಿಗೆ ಕೊಟ್ಟರೆ ಕುಡಿಯುತ್ತಾಳೆ. ಗಂಡು ಹುಟ್ಟಿದರೆ ನನ್ನ ಹೆಸರೇ ಇಡುತ್ತೇನೆಂದು ಹಟ ಹಿಡಿದಿದ್ದಾಳೆ. ದಯವಿಟ್ಟು ಒಪ್ಪಬೇಡಿ, ನಿಮ್ಮ ತಂದೆಯ ಹೆಸರಿಡಿ. ಮಗುವನ್ನು ಕರೆಯುವಾಗಲೆಲ್ಲ ಅವಳು ಅಳುವುದು ಬೇಡ.

ಇಂತಿ ನಿಮ್ಮ,
ಓಬಯ್ಯ